ಬಿಚ್ಚಿ ಜೋಡಿಸುವ ಕೆಲಸದ ಮೇಜು ಅಲುಗಾಡಿದರೆ ದೋಷ ಹುಡುಕುವ ಕ್ರಮ

ಹುಬ್ಬಳ್ಳಿ-ಧಾರವಾಡದಲ್ಲಿ ಬಾಡಿಗೆ ಮನೆಯಲ್ಲಿಯೋ ಬಾಡಿಗೆ ಶೆಡ್ಡಿನಲ್ಲಿಯೋ ಮರಗೆಲಸ ಮಾಡುವವರಿಗೆ ಬಿಚ್ಚಿ ಸಾಗಿಸಲು ಬರುವಂಥ ಮೇಜೇ ಬೇಕಾಗುತ್ತದೆ. 1500 ಮಿ.ಮೀ. ಉದ್ದ, 600 ಮಿ.ಮೀ. ಅಗಲ, 75 ಮಿ.ಮೀ. ದಪ್ಪದ ಸಾಗವಾನಿ ಮೇಲ್ಹಲಗೆಯೊಂದೇ ಸುಮಾರು 44 ಕಿಲೋ ತೂಗುತ್ತದೆ. ಕಾಲು, ಪಟ್ಟಿ, ಮರವನ್ನು ಕಚ್ಚಿ ಹಿಡಿಯುವ ವೈಸ್ ಎಲ್ಲವೂ ಸೇರಿದ ಇಡೀ ಮೇಜನ್ನು ಹಳೆಯ ಮನೆಗಳ ಇಕ್ಕಟ್ಟಾದ ಮೆಟ್ಟಿಲುಗಳಲ್ಲಿ ಇಳಿಸುವುದು ಆಗದ ಮಾತು. ಆದರೆ ಇಂಥ ಮೇಜು ಕಟ್ಟಿದ ಹೊಸತರಲ್ಲಿ ಬಂಡೆಯಂತೆ ನಿಂತಿದ್ದರೂ, ಮನೆ ಬದಲಿಸಿದ ಮೇಲೆ ಅಥವಾ ಒಂದು ಬೇಸಿಗೆ ಕಳೆದ ಮೇಲೆ ಅಲುಗಾಡತೊಡಗುವುದುಂಟು. ಆಗ ಹೆಚ್ಚಿನವರು ಮಾಡುವುದು ಮೂರು ಕೆಲಸ: ಬೋಲ್ಟುಗಳನ್ನು ಇನ್ನಷ್ಟು ಬಿಗಿಯುತ್ತಾರೆ, ಕಾಲಿನ ಕೆಳಗೆ ರಟ್ಟು ತುರುಕುತ್ತಾರೆ, ಅದಕ್ಕೂ ಜಗ್ಗದಿದ್ದರೆ ಹಿಂಬದಿಗೆ ಒಂದು ಓರೆಪಟ್ಟಿ ಹಚ್ಚಿ ಮೊಳೆ ಹೊಡೆಯುತ್ತಾರೆ. ಈ ಮೂರೂ ದೋಷವನ್ನು ಮುಚ್ಚಿಡುತ್ತವೆಯೇ ಹೊರತು ತೆಗೆಯುವುದಿಲ್ಲ. ಮೊಳೆ ಹೊಡೆದ ಮೇಲಂತೂ ಮೇಜನ್ನು ಬಿಚ್ಚಲು ಬರುವುದೇ ಇಲ್ಲ. ಪಾನಾ ಕೈಗೆತ್ತಿಕೊಳ್ಳುವ ಮೊದಲು ಮೇಜು ಯಾವ ದಿಕ್ಕಿಗೆ ಅಲುಗುತ್ತಿದೆ, ಆಗ ಯಾವ ಸಂದು ತೆರೆಯುತ್ತಿದೆ ಎಂಬುದನ್ನು ಕಂಡುಕೊಳ್ಳಬೇಕು. ಅದನ್ನು ಕಂಡುಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಇಲ್ಲಿ ಗಮನದಲ್ಲಿಟ್ಟುಕೊಂಡಿರುವ ಮೇಜಿನ ರಚನೆ ಸರಳವಾದದ್ದು. ಎಡಕ್ಕೊಂದು ಬಲಕ್ಕೊಂದು ಬದಿಚೌಕಟ್ಟು ಇರುತ್ತದೆ, 90 ಮಿ.ಮೀ. ಚೌಕದ ಎರಡೆರಡು ಕಾಲುಗಳನ್ನು ಗಿಡ್ಡ ಪಟ್ಟಿಗಳಿಂದ ಕೂಡಿಸಿ, ಅಂಟು ಹಾಕಿ, ಇವನ್ನು ಶಾಶ್ವತವಾಗಿ ಕಟ್ಟಲಾಗಿರುತ್ತದೆ. ಈ ಎರಡು ಚೌಕಟ್ಟುಗಳನ್ನು ಮುಂದೊಂದು ಹಿಂದೊಂದು ಉದ್ದಪಟ್ಟಿ ಜೋಡಿಸುತ್ತವೆ. ಉದ್ದಪಟ್ಟಿಯ ಎರಡೂ ತುದಿಯಲ್ಲಿ ಗಿಡ್ಡ ನಾಲಿಗೆಯಿದ್ದು, ಅದು ಕಾಲಿನಲ್ಲಿ ಕೊರೆದ ಗೂಡಿನೊಳಗೆ ಅಂಟಿಲ್ಲದೆ ಕೂರುತ್ತದೆ. ಕಾಲಿನ ಹೊರಮೈಯಿಂದ ತೂರಿಸಿದ 12 ಮಿ.ಮೀ. ಬೋಲ್ಟು, ಪಟ್ಟಿಯೊಳಗೆ ಅಡ್ಡಲಾಗಿ ಕೂರಿಸಿದ ನಟ್ಟಿಗೆ ಹತ್ತಿ, ಪಟ್ಟಿಯನ್ನು ಕಾಲಿನ ಕಡೆಗೆ ಎಳೆಯುತ್ತದೆ. ಹೀಗೆ ಒಟ್ಟು ನಾಲ್ಕು ಜೋಡಣೆ, ನಾಲ್ಕು ಬೋಲ್ಟು. ಮೇಲ್ಹಲಗೆ ಈ ಬುಡದ ಮೇಲೆ ಪ್ರತ್ಯೇಕವಾಗಿ ಕೂರುತ್ತದೆ. ಬೋಲ್ಟಿನ ಬದಲು ಬೆಣೆ ಹೊಡೆದು ಬಿಗಿಯುವ ಮೇಜಿಗೂ ಮುಂದೆ ಹೇಳುವ ಬಹುಪಾಲು ಮಾತು ಅನ್ವಯಿಸುತ್ತದೆ.

ಈ ರಚನೆಯಲ್ಲಿ ಒಂದು ಸಂಗತಿಯನ್ನು ಸ್ಪಷ್ಟವಾಗಿ ತಿಳಿದಿರಬೇಕು. ಮೇಜು ವಾಲದಂತೆ ತಡೆಯುವುದು ಬೋಲ್ಟು ಒಂದೇ ಅಲ್ಲ. ನಾಲಿಗೆಯ ಸುತ್ತ ಇರುವ ಪಟ್ಟಿಯ ಭುಜ, ಅಂದರೆ ಪಟ್ಟಿಯ ತುದಿಯ ಚಪ್ಪಟೆ ಮೈ, ಕಾಲಿನ ಮೈಗೆ ಸಪಾಟಾಗಿ ಒತ್ತಿಕೊಂಡಿರುವುದರಿಂದಲೇ ಆ ಮೂಲೆ ಮೂಲೆಯಾಗಿ ಉಳಿಯುತ್ತದೆ; ಆ ಒತ್ತಡವನ್ನು ಕೊಡುವುದಷ್ಟೇ ಬೋಲ್ಟಿನ ಕೆಲಸ. ಭುಜ ಕೂರದ ಕಡೆ ಎಷ್ಟು ದಪ್ಪದ ಬೋಲ್ಟು ಹಾಕಿದರೂ ಮೇಜು ವಾಲುತ್ತದೆ, ಭುಜ ಸರಿಯಾಗಿ ಕೂತ ಕಡೆ 10 ಮಿ.ಮೀ. ಬೋಲ್ಟೂ ಸಾಕಾಗುತ್ತದೆ.

ಮೊದಲ ಪರೀಕ್ಷೆ: ಅಲುಗಾಟದ ದಿಕ್ಕು

ಮೇಜಿನ ಮೇಲಿನ ಸಾಮಾನನ್ನೆಲ್ಲ ತೆಗೆದಿಟ್ಟು, ಒಂದು ಮೂಲೆಯ ಮೇಲೆ ನೇರವಾಗಿ ಕೆಳಮುಖವಾಗಿ ಅಂಗೈಯಿಂದ ಒತ್ತಬೇಕು, ಅನಂತರ ಪಕ್ಕದ ಮೂಲೆಯ ಮೇಲೆ ಒತ್ತಬೇಕು. ಒಂದು ಕಾಲು ಏಳುತ್ತ ಇನ್ನೊಂದು ಕೂರುತ್ತ ಇದ್ದರೆ ಅದು ಕುಂಟುವಿಕೆ. ಮೇಲಿನಿಂದ ಒತ್ತಿದಾಗ ಏನೂ ಆಗದೆ, ರಂದಾ ಹೊಡೆಯುವ ದಿಕ್ಕಿನಲ್ಲಿ ತಳ್ಳಿದಾಗ ಮೇಜು ಓರೆಯಾಗಿ ಮತ್ತೆ ಮರಳಿದರೆ ಅದು ಉದ್ದಕ್ಕೆ ವಾಲುವುದು. ಎದುರು ನಿಂತು ನಮ್ಮ ಕಡೆಗೆ ಎಳೆದಾಗ ಹಾಗಾದರೆ ಅಗಲಕ್ಕೆ ವಾಲುವುದು. ಕಾಲುಗಳು ಕದಲದೆ ಹಲಗೆ ಮಾತ್ರ ಸರಿದರೆ ದೋಷ ಹಲಗೆಯ ಹಿಡಿತದಲ್ಲಿದೆ. ಇವೆಲ್ಲ ಒಟ್ಟಿಗೆ ಕಾಣಿಸಿಕೊಂಡಂತೆ ತೋರಿದರೆ ಮೊದಲು ಕುಂಟುವಿಕೆಯನ್ನು ಸರಿಪಡಿಸಬೇಕು, ಏಕೆಂದರೆ ಮೂರೇ ಕಾಲಿನ ಮೇಲೆ ನಿಂತ ಮೇಜಿನಲ್ಲಿ ಉಳಿದ ಯಾವ ಪರೀಕ್ಷೆಯ ಫಲಿತಾಂಶವನ್ನೂ ನಂಬಲಾಗದು.

ಕುಂಟುವ ಮೇಜು

ಕುಂಟಿದರೆ ದೋಷ ಮೇಜಿನದೋ ನೆಲದ್ದೋ ಎಂಬ ಪ್ರಶ್ನೆ ಮೊದಲು ಏಳುತ್ತದೆ. ಇದನ್ನು ಬಗೆಹರಿಸಲು ಮೇಜನ್ನು ತಿರುವುಮುರುವಾಗಿ, ಅಂದರೆ ಎಡತುದಿ ಬಲಕ್ಕೆ ಬರುವಂತೆ, ಅದೇ ಜಾಗದಲ್ಲಿ ನಿಲ್ಲಿಸಿ ನೋಡುವ ರೂಢಿಯಿದೆ. ಈ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ನಾಲ್ಕು ಕಾಲಿನ ಮೇಜು ಕುಂಟುವುದು ಒಂದು ಕರ್ಣದ ಎರಡು ಕಾಲುಗಳ ಎತ್ತರದ ಮೊತ್ತಕ್ಕೂ ಇನ್ನೊಂದು ಕರ್ಣದ ಮೊತ್ತಕ್ಕೂ ವ್ಯತ್ಯಾಸವಿದ್ದಾಗ. ಅರ್ಧ ಸುತ್ತು ತಿರುಗಿಸಿದರೆ ಎದುರುಬದುರಿನ ಕಾಲುಗಳು ಜಾಗ ಬದಲಿಸಿಕೊಳ್ಳುತ್ತವೆ, ಆದರೆ ಅವು ಅದೇ ಕರ್ಣದ ಮೇಲೆಯೇ ಬಂದು ನಿಲ್ಲುತ್ತವೆ. ಹೀಗಾಗಿ ದೋಷ ಮೇಜಿನಲ್ಲಿರಲಿ ನೆಲದಲ್ಲಿರಲಿ, ಮೇಜು ಮೊದಲಿನಷ್ಟೇ ಕುಂಟುತ್ತದೆ. ಅದನ್ನು ನೋಡಿ ಮೇಜಿನ ಕಾಲೇ ಗಿಡ್ಡವಾಗಿದೆ ಎಂದು ತೀರ್ಮಾನಿಸಿ ಗರಗಸ ಹಿಡಿಯುವುದು ದೊಡ್ಡ ಅನಾಹುತಕ್ಕೆ ದಾರಿ.

ನೆಲವನ್ನೇ ಅಳೆಯುವುದು ಸರಿಯಾದ ಮಾರ್ಗ. ನಾಲ್ಕು ಕಾಲು ನಿಂತ ಜಾಗಗಳಿಗೆ ಸೀಮೆಸುಣ್ಣದಿಂದ ಗುರುತು ಮಾಡಿ ಮೇಜನ್ನು ಸರಿಸಬೇಕು, ಗೌಂಡಿಗಳು ಬಳಸುವ ಪಾರದರ್ಶಕ ಪೈಪಿನಲ್ಲಿ ಗಾಳಿಗುಳ್ಳೆ ಇರದಂತೆ ನೀರು ತುಂಬಿಕೊಂಡು ನಾಲ್ಕು ಗುರುತುಗಳ ಎತ್ತರವನ್ನು ಹೋಲಿಸಬೇಕು. ಸುತ್ತುವರಿದು ಬರುವ ಕ್ರಮದಲ್ಲಿ ಎತ್ತರಗಳು 0, 4, 9, 5 ಮಿ.ಮೀ. ಎಂದು ಬಂದವು ಎಂದಿಟ್ಟುಕೊಳ್ಳೋಣ. ಒಂದು ಕರ್ಣದ ಮೊತ್ತ 0 ಕೂಡಿಸು 9, ಇನ್ನೊಂದರದು 4 ಕೂಡಿಸು 5, ಎರಡೂ 9. ಈ ನೆಲ ಇಳಿಜಾರಾಗಿದೆ, ಆದರೆ ಇದರ ಮೇಲೆ ಸರಿಯಾದ ಮೇಜು ಕುಂಟುವುದಿಲ್ಲ. ನಾಲ್ಕನೆಯ ಅಳತೆ 5ರ ಬದಲು 2 ಆಗಿದ್ದರೆ ಮೊತ್ತಗಳು 9 ಮತ್ತು 6 ಆಗುತ್ತವೆ. ಆಗ ನೆಲವೇ ತಿರುಚಿಕೊಂಡಿದೆ, ಆ ಕಾಲಿನ ಕೆಳಗೆ 3 ಮಿ.ಮೀ. ಸಂದು ಬಂದೇ ಬರುತ್ತದೆ. ಶಹಾಬಾದ್ ಕಲ್ಲಿನ ಹಾಸು ಇರುವ ಹಳೆಯ ಮನೆಗಳಲ್ಲಿ ಒಂದು ಕಾಲು ಒಂದು ಫರ್ಸಿಯ ಮೇಲೂ ಇನ್ನೊಂದು ಪಕ್ಕದ ಫರ್ಸಿಯ ಮೇಲೂ ನಿಂತಾಗ ಇಷ್ಟು ವ್ಯತ್ಯಾಸ ಸುಲಭವಾಗಿ ಬರುತ್ತದೆ. ಮೇಜನ್ನು ಒಂದು ಗೇಣು ಆಚೆ ಸರಿಸುವುದರಿಂದಲೇ ಅನೇಕ ಸಲ ಕುಂಟುವಿಕೆ ನಿಂತುಹೋಗುತ್ತದೆ.

ನಮ್ಮ ಸೀಮೆಗೆ ವಿಶೇಷವಾದ ಇನ್ನೊಂದು ಕಾರಣವಿದೆ. ಹುಬ್ಬಳ್ಳಿಯ ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ, ಗದಗ, ರೋಣದ ಕಡೆಗೆ ಹೋದಂತೆ ಎರೆಮಣ್ಣಿನ ಭೂಮಿ ಸಿಗುತ್ತದೆ. ಈ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತದೆ. ಅದರ ಮೇಲೆ ನೇರವಾಗಿ ಹಾಸಿದ ನೆಲ ವರ್ಷದುದ್ದಕ್ಕೂ ಸ್ವಲ್ಪ ಸ್ವಲ್ಪವೇ ಏರಿಳಿಯುತ್ತಿರುತ್ತದೆ. ಧಾರವಾಡದ ಪಶ್ಚಿಮದ ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ಈ ತೊಂದರೆ ಇಷ್ಟಿಲ್ಲ. ಆದ್ದರಿಂದ ಎರೆ ಸೀಮೆಯಲ್ಲಿ ಏಪ್ರಿಲ್ ತಿಂಗಳಲ್ಲಿ ಕುಂಟಿದ ಮೇಜಿನ ಕಾಲನ್ನು ಕತ್ತರಿಸಿ ಸಮ ಮಾಡಿದರೆ ಆಗಸ್ಟಿನಲ್ಲಿ ಅದು ಇನ್ನೊಂದು ಕರ್ಣದ ಮೇಲೆ ಕುಂಟಬಹುದು. ಇಂಥ ಕಡೆ ಕಾಲನ್ನು ಎಂದೂ ಕತ್ತರಿಸಬಾರದು. ನಾಲ್ಕರಲ್ಲಿ ಒಂದು ಕಾಲಿನ ಅಡಿಗೆ ತಿರುಗಿಸಿ ಎತ್ತರ ಹೊಂದಿಸುವ ಬೋಲ್ಟು ಕೂರಿಸಿದರೆ ಸಾಕು. ಕುಂಟುವಿಕೆ ನಿಲ್ಲಿಸಲು ಒಂದೇ ಕಾಲಿನ ಹೊಂದಾಣಿಕೆ ಸಾಕಾಗುತ್ತದೆ, ನಾಲ್ಕಕ್ಕೂ ಹಾಕಿದರೆ ಅಷ್ಟೂ ಕಡೆ ಹೊಸ ಸಡಿಲಕ್ಕೆ ಅವಕಾಶ ಮಾಡಿಕೊಟ್ಟಂತಾಗುತ್ತದೆ. ಬೋಲ್ಟು ಬೇಡವೆಂದರೆ ಗಟ್ಟಿಮರದ ತೆಳುವಾದ ಚಕ್ಕೆ ಇಡಬಹುದು. ರಟ್ಟು ಕೆಲವೇ ದಿನಗಳಲ್ಲಿ ಅದುಮಿಹೋಗುತ್ತದೆ.

ನೆಲ ಸರಿಯಿದ್ದೂ ಮೇಜು ಕುಂಟಿದರೆ ಜೋಡಿಸಿದ ಕ್ರಮವನ್ನು ಅನುಮಾನಿಸಬೇಕು. ಚೌಕಟ್ಟನ್ನು ಮಗ್ಗುಲಿಗೆ ಮಲಗಿಸಿ ಬೋಲ್ಟುಗಳನ್ನು ಪೂರ್ತಿ ಬಿಗಿದು ಆಮೇಲೆ ಎತ್ತಿ ನಿಲ್ಲಿಸಿದರೆ, ಎರಡು ಬದಿಚೌಕಟ್ಟುಗಳು ಒಂದಕ್ಕೊಂದು ಸ್ವಲ್ಪ ತಿರುಚಿದ ಸ್ಥಿತಿಯಲ್ಲೇ ಬಂಧಿಯಾಗುತ್ತವೆ. ಪರಿಹಾರ ಸರಳ. ಹಲಗೆಯ ಹಿಡಿತವನ್ನು ಮೊದಲು ಬಿಚ್ಚಿ, ನಾಲ್ಕೂ ಬೋಲ್ಟುಗಳನ್ನು ಕೈಯಲ್ಲಿ ತಿರುಗುವಷ್ಟು ಸಡಿಲಿಸಿ, ಬುಡವನ್ನು ತನ್ನ ಜಾಗದಲ್ಲಿ ನಿಲ್ಲಿಸಿ, ಪ್ರತಿ ಕಾಲಿನ ತಲೆಯ ಮೇಲೆ ಕೊಡತಿಯಿಂದ ಮೆಲ್ಲನೆ ತಟ್ಟಿ ನೆಲಕ್ಕೆ ಕೂರಿಸಬೇಕು. ಅನಂತರ ಕಾಲು ಸುತ್ತಿನಂತೆ (ಸುತ್ತಿನ ನಾಲ್ಕನೆಯ ಒಂದು ಭಾಗದಷ್ಟು) ಸರದಿಯಲ್ಲಿ ನಾಲ್ಕನ್ನೂ ಬಿಗಿಯುತ್ತ ಬರಬೇಕು. ಹೀಗೆ ಮಾಡಿದಾಗ ಕುಂಟುವಿಕೆ ಹೋದರೆ ಅಲ್ಲಿಗೆ ಈ ಭಾಗ ಮುಗಿಯಿತು.

ಉದ್ದಕ್ಕೆ ವಾಲುವ ಮೇಜು

ಬಿಚ್ಚುವ ಮೇಜಿನಲ್ಲಿ ಹೆಚ್ಚಾಗಿ ಕಾಣುವ ದೋಷ ಇದೇ, ಹೆಚ್ಚು ಕಾರಣಗಳಿರುವುದೂ ಇದಕ್ಕೇ. ಭುಜದ ಬಳಿ ಆಗುವ ಸಣ್ಣ ಸಡಿಲ ಮೇಲೆ ಎಷ್ಟು ದೊಡ್ಡದಾಗಿ ಕಾಣುತ್ತದೆಂಬುದನ್ನು ಲೆಕ್ಕ ಹಾಕಿ ನೋಡಬೇಕು. ಉದ್ದಪಟ್ಟಿ 150 ಮಿ.ಮೀ. ಎತ್ತರವಿದ್ದು ಅದರ ಭುಜದ ಅಂಚಿನಲ್ಲಿ 0.2 ಮಿ.ಮೀ. ಸಂದು ತೆರೆದರೆ, 850 ಮಿ.ಮೀ. ಎತ್ತರದ ಮೇಜಿನ ಹಲಗೆ 1 ಮಿ.ಮೀ.ಗಿಂತ ತುಸು ಹೆಚ್ಚು ಸರಿಯುತ್ತದೆ. ಪಟ್ಟಿ 75 ಮಿ.ಮೀ. ಮಾತ್ರ ಇದ್ದರೆ ಅದೇ ಸಂದಿಗೆ 2 ಮಿ.ಮೀ.ಗಿಂತ ಹೆಚ್ಚು. ಬಲದ ಲೆಕ್ಕವೂ ಹೀಗೆಯೇ ಇದೆ. 30 ಕಿಲೋ ತೂಕದಷ್ಟು ಬಲದಿಂದ ಹಲಗೆಯನ್ನು ತಳ್ಳಿದರೆ, ನಾಲ್ಕು ಜೋಡಣೆಗಳು ಅದನ್ನು ಸಮನಾಗಿ ಹಂಚಿಕೊಂಡಾಗಲೂ, 150 ಮಿ.ಮೀ. ಪಟ್ಟಿಯ ನಡುವಿನ ಬೋಲ್ಟಿನ ಮೇಲೆ ಸುಮಾರು 85 ಕಿಲೋದಷ್ಟು ಎಳೆತ ಬೀಳುತ್ತದೆ, 75 ಮಿ.ಮೀ. ಪಟ್ಟಿಯಲ್ಲಿ ಅದು ಎರಡು ಪಟ್ಟಾಗುತ್ತದೆ. ಬಿಗಿದಾಗ ಬೋಲ್ಟು ಕೊಟ್ಟಿರುವ ಒತ್ತಡ ಇದಕ್ಕಿಂತ ಕಡಿಮೆಯಾದ ಕ್ಷಣದಿಂದ ಭುಜ ಬಾಯಿ ತೆರೆಯತೊಡಗುತ್ತದೆ.

ಯಾವ ಜೋಡಣೆ ತೆರೆಯುತ್ತಿದೆ ಎಂದು ತಿಳಿಯಲು ವೃತ್ತಪತ್ರಿಕೆಯ ಬೆರಳಗಲದ ಚೂರುಗಳು ಸಾಕು. ಬೋಲ್ಟುಗಳನ್ನು ಸಡಿಲಿಸಿ, ನಾಲ್ಕೂ ಜೋಡಣೆಗಳಲ್ಲಿ ಭುಜದ ಮೇಲಂಚಿಗೊಂದು ಕೆಳಅಂಚಿಗೊಂದು ಚೂರು ಇಟ್ಟು, 19 ನಂಬರಿನ ಪಾನಾದಿಂದ ಮತ್ತೆ ಬಿಗಿಯಬೇಕು. ಈಗ ಯಾವ ಚೂರನ್ನೂ ಹರಿಯದೆ ಎಳೆದು ತೆಗೆಯಲು ಬರಬಾರದು. ಸುಮ್ಮನೆ ನಿಂತ ಮೇಜಿನಲ್ಲೇ ಒಂದು ಚೂರು ಜಾರಿ ಬಂದರೆ ಆ ಭುಜ ಕೂತೇ ಇಲ್ಲ. ಸುಮ್ಮನಿದ್ದಾಗ ಹಿಡಿದಿದ್ದು, ಇನ್ನೊಬ್ಬರು ಮೇಜನ್ನು ತಳ್ಳಿದಾಗ ಮಾತ್ರ ಜಾರಿದರೆ ಭುಜ ಕೂತಿದೆ, ಒತ್ತಡ ಸಾಲುತ್ತಿಲ್ಲ. ಈ ಎರಡಕ್ಕೆ ಪರಿಹಾರ ಬೇರೆ ಬೇರೆ. ಎರಡನ್ನೂ ಒಂದೇ ಎಂದುಕೊಂಡು ಬಿಗಿಯುತ್ತ ಹೋಗುವುದರಿಂದಲೇ ಮರ ಹಾಳಾಗುವುದು.

ಭುಜ ಕೂರದಿದ್ದಾಗ ಮೊದಲು ಗೂಡಿನೊಳಗೆ ಇಣುಕಬೇಕು. ಹಿಂದಿನ ಸಲ ಬಿಚ್ಚಿದಾಗ ಬಿದ್ದ ಹೊಟ್ಟು, ಒಣಗಿದ ವಾರ್ನಿಶ್ ತುಣುಕು, ಮುರಿದ ಚಕ್ಕೆ ಇದ್ದರೆ ಅಷ್ಟೇ ಸಾಕು ಭುಜವನ್ನು ದೂರ ಇಡಲು. ಅದು ಸ್ವಚ್ಛವಾಗಿದ್ದರೆ ಬೋಲ್ಟಿನ ಉದ್ದವನ್ನು ಪರೀಕ್ಷಿಸಬೇಕು. ಅಡ್ಡ ನಟ್ಟನ್ನು ದಾಟಿದ ಬೋಲ್ಟಿನ ತುದಿ ಪಟ್ಟಿಯೊಳಗಿನ ತೂತಿನ ತಳಕ್ಕೆ ತಾಗಿದರೆ ಪಾನಾ ತಿರುಗುವುದೇ ನಿಲ್ಲುತ್ತದೆ, ಬಿಗಿಯಾಯಿತೆಂದು ಕೈಗೆ ಅನ್ನಿಸುತ್ತದೆ, ಆದರೆ ಪಟ್ಟಿ ಒಂದಿಷ್ಟೂ ಎಳೆದುಕೊಂಡಿರುವುದಿಲ್ಲ. ಬೋಲ್ಟಿನ ತಲೆಯ ಕೆಳಗೆ ಹೆಚ್ಚುವರಿಯಾಗಿ ಎರಡು ವಾಶರ್ ಹಾಕಿ ಬಿಗಿದಾಗ ಭುಜ ಕೂತರೆ ಬೋಲ್ಟು ಉದ್ದವಾಗಿತ್ತೆಂದು ಖಚಿತ. ತೂತನ್ನು ಇನ್ನಷ್ಟು ಆಳಕ್ಕೆ ಕೊರೆಯಬೇಕು ಅಥವಾ ಬೋಲ್ಟಿನ ತುದಿಯನ್ನು ಕತ್ತರಿಸಬೇಕು. ವಾಶರ್ ಹಾಕಿದರೂ ಕೂರದಿದ್ದರೆ ನಾಲಿಗೆಯ ತುದಿಗೆ ಸೀಮೆಸುಣ್ಣ ಸವರಿ, ಜೋಡಿಸಿ, ಬಿಚ್ಚಿ ನೋಡಬೇಕು. ಗೂಡಿನ ತಳದಲ್ಲಿ ಬಿಳಿ ಗುರುತು ಮೂಡಿದ್ದರೆ ನಾಲಿಗೆ ಉದ್ದವಾಗಿದೆ. ಅದನ್ನು 2 ಅಥವಾ 3 ಮಿ.ಮೀ. ಗಿಡ್ಡ ಮಾಡಲು ಹಿಂಜರಿಯಬೇಕಿಲ್ಲ, ಏಕೆಂದರೆ ಈ ಜೋಡಣೆಯಲ್ಲಿ ನಾಲಿಗೆಯ ಕೆಲಸ ಪಟ್ಟಿಯನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವುದು ಮತ್ತು ಭಾರ ಹೊರುವುದು ಮಾತ್ರ.

ಅಡ್ಡ ನಟ್ಟಿನ ತೂತು ಬೋಲ್ಟಿನ ದಾರಿಗೆ ನೇರವಾಗಿಲ್ಲದಿದ್ದರೆ ಬೇರೆಯೇ ಲಕ್ಷಣ ಕಾಣುತ್ತದೆ. ಬೋಲ್ಟು ಮೊದಲ ಒಂದೆರಡು ಸುತ್ತಿನಿಂದಲೇ ಬಿಗಿಯಾಗಿ ತಿರುಗುತ್ತದೆ, ಹೊರತೆಗೆದು ನೋಡಿದಾಗ ಅದರ ಎಳೆಗಳು ಒಂದೇ ಪಕ್ಕದಲ್ಲಿ ಸವೆದು ಹೊಳೆಯುತ್ತಿರುತ್ತವೆ. ಅಂಥ ಬೋಲ್ಟನ್ನು ಬಲವಾಗಿ ತಿರುಗಿಸಿದರೆ ಎಳೆ ಕೆಡುತ್ತದೆ. ನಟ್ಟು ಕೂರುವ ತೂತನ್ನು ತುಸು ದೊಡ್ಡದು ಮಾಡಿ ನಟ್ಟು ತಾನೇ ಹೊಂದಿಕೊಳ್ಳಲು ಬಿಡಬೇಕು. ದುಂಡನೆಯ ಅಡ್ಡ ನಟ್ಟು ಅಂಗಡಿಯಲ್ಲಿ ಸಿಗದಿದ್ದರೆ ಚಿಂತೆಯಿಲ್ಲ, 25 ಮಿ.ಮೀ. ರೌಂಡ್ ಬಾರ್ ತುಂಡಿಗೆ ನಡುವೆ ತೂತು ಕೊರೆದು 12 ಮಿ.ಮೀ. ಎಳೆ ಹಾಕಿಕೊಡುವುದು ಹುಬ್ಬಳ್ಳಿಯ ಯಾವುದೇ ಲೇತ್ ಅಂಗಡಿಯಲ್ಲಿ ಆಗುವ ಕೆಲಸ. ಅದರ ಒಂದು ತುದಿಗೆ ಗರಗಸದಿಂದ ಗೀರು ಹಾಕಿಸಿಕೊಂಡರೆ ಸ್ಕ್ರೂಡ್ರೈವರಿನಿಂದ ತಿರುಗಿಸಿ ಬೋಲ್ಟಿಗೆ ನೇರ ಮಾಡಲು ಅನುಕೂಲ.

ಭುಜದ ಒಂದು ಅಂಚು ಮಾತ್ರ ಕಾಲಿಗೆ ತಾಗಿ ಇನ್ನೊಂದು ಅಂಚಿನಲ್ಲಿ ಸಂದು ಉಳಿದರೆ ಭುಜ ಮೂಲೆಮಟ್ಟಕ್ಕೆ ಕತ್ತರಿಸಿಲ್ಲವೆಂದು ಅರ್ಥ. ಇದಕ್ಕೆ ಬಡಿಗೇರು ಬಳಸುವ ಒಳ್ಳೆಯ ಉಪಾಯವೊಂದಿದೆ. ಜೋಡಣೆಯನ್ನು ಮೂಲೆಮಟ್ಟಕ್ಕೆ ಸರಿಯಾಗಿ ಹಿಡಿದು ಬೋಲ್ಟನ್ನು ಹಗುರವಾಗಿ ಬಿಗಿದು, ತೆಳು ಹಲ್ಲಿನ ಗರಗಸವನ್ನು ಭುಜ ಮತ್ತು ಕಾಲಿನ ನಡುವಿನ ಗೆರೆಯಲ್ಲೇ ಆಡಿಸಬೇಕು. ತಾಗುತ್ತಿದ್ದ ಅಂಚು ಗರಗಸದ ದಪ್ಪದಷ್ಟು ತೆಗೆದುಹೋಗುತ್ತದೆ, ಸಂದು ಇದ್ದ ಕಡೆ ಏನೂ ಹೋಗುವುದಿಲ್ಲ. ಪಟ್ಟಿಯ ಎರಡೂ ಮೈಯಲ್ಲಿ ಹೀಗೆ ಮಾಡಿ ಮತ್ತೆ ಬಿಗಿದರೆ ಭುಜ ಸಮನಾಗಿ ಕೂರುತ್ತದೆ. ಇದನ್ನು ನಾಲಿಗೆಗೆ ಗರಗಸ ತಾಗದಂತೆ ಮಾಡಬೇಕು.

ಈಗ ಎರಡನೆಯ ಬಗೆ: ಭುಜ ಕೂತಿದೆ, ಆದರೆ ತಳ್ಳಿದಾಗ ತೆರೆಯುತ್ತದೆ. ಇದರ ಹಿಂದೆ ಸಾಮಾನ್ಯವಾಗಿ ಇರುವುದು ಋತು. ಸಾಗವಾನಿ ಹಸಿ ಸ್ಥಿತಿಯಿಂದ ಪೂರ್ತಿ ಒಣಗುವವರೆಗೆ ಬೆಳವಣಿಗೆಯ ಉಂಗುರದ ಸುತ್ತಿನ ದಿಕ್ಕಿನಲ್ಲಿ ಸುಮಾರು ಶೇ. 5.8ರಷ್ಟು, ತಿರುಳಿನಿಂದ ತೊಗಟೆಯ ದಿಕ್ಕಿನಲ್ಲಿ ಸುಮಾರು ಶೇ. 2.5ರಷ್ಟು ಕುಗ್ಗುತ್ತದೆ, ಉದ್ದದ ದಿಕ್ಕಿನ ಕುಗ್ಗುವಿಕೆ ಲೆಕ್ಕಕ್ಕೆ ಬರುವಷ್ಟಿಲ್ಲ. ಸಾಗವಾನಿ ಕಡಿಮೆ ಕುಗ್ಗುವ ಮರಗಳ ಸಾಲಿಗೆ ಸೇರಿದ್ದು ಎಂಬುದನ್ನು ನೆನಪಿಡಬೇಕು. ಆಷಾಢದ ಜಡಿಮಳೆಯಿಂದ ಚೈತ್ರದ ಬಿಸಿಲಿಗೆ ಬರುವಷ್ಟರಲ್ಲಿ ಮರದ ತೇವಾಂಶ ಶೇಕಡಾ 4 ಅಂಶ ಇಳಿಯಿತೆಂದು ಹಿಡಿದರೂ, 90 ಮಿ.ಮೀ. ಕಾಲು ಸುಮಾರು 0.7 ಮಿ.ಮೀ. ತೆಳುವಾಗಬಹುದು. 12 ಮಿ.ಮೀ. ಬೋಲ್ಟಿನ ಎಳೆಗಳ ಅಂತರ 1.75 ಮಿ.ಮೀ. ಆದ್ದರಿಂದ ಅರ್ಧ ಸುತ್ತಿಗೆ ಸಮೀಪದಷ್ಟು ಬಿಗಿ ತಾನೇ ಸಡಿಲಾಯಿತು. ಇದು ಮೇಜಿನ ದೋಷವಲ್ಲ, ಯುಗಾದಿಯ ಹೊತ್ತಿಗೆ ಒಮ್ಮೆ ಬಿಗಿದರೆ ಸರಿಹೋಗುತ್ತದೆ.

ಕೇಡು ಆಗುವುದು ಆ ಬಿಗಿತವನ್ನು ಮರೆತಾಗ. ಬೇಸಿಗೆಯಲ್ಲಿ ಮೈಬಲವನ್ನೆಲ್ಲ ಹಾಕಿ ಬಿಗಿದ ಬೋಲ್ಟಿನ ಕೆಳಗೆ ಮಳೆಗಾಲದಲ್ಲಿ ಕಾಲು ಉಬ್ಬುತ್ತದೆ. ಬೋಲ್ಟು ಉದ್ದವಾಗುವುದಿಲ್ಲ, ಆದ್ದರಿಂದ ವಾಶರಿನ ಅಡಿಯ ನಾರುಗಳು ನಜ್ಜುಗುಜ್ಜಾಗುತ್ತವೆ. ನಜ್ಜಾದ ನಾರು ಮತ್ತೆ ಮೇಲೇಳುವುದಿಲ್ಲ. ಮುಂದಿನ ಬೇಸಿಗೆಯಲ್ಲಿ ಸಡಿಲ ಹಿಂದಿನದಕ್ಕಿಂತ ಹೆಚ್ಚಾಗಿರುತ್ತದೆ, ಮಾಲೀಕರು ಇನ್ನೂ ಜೋರಾಗಿ ಬಿಗಿಯುತ್ತಾರೆ. ವಾಶರನ್ನು ತೆಗೆದಾಗ ಮರದಲ್ಲಿ ಆಳವಾದ ದುಂಡು ಅಚ್ಚು ಕಂಡರೆ ಈ ಚಕ್ರ ಶುರುವಾಗಿದೆ ಎಂದು ತಿಳಿಯಬೇಕು. ಸಾಮಾನ್ಯ 12 ಮಿ.ಮೀ. ವಾಶರಿನ ಹೊರವ್ಯಾಸ 24 ಮಿ.ಮೀ.; 37 ಮಿ.ಮೀ. ವ್ಯಾಸದ ದೊಡ್ಡ ವಾಶರ್ ಹಾಕಿದರೆ ಒತ್ತುವ ಮೈ ಸುಮಾರು ಮೂರು ಪಟ್ಟಾಗುತ್ತದೆ. ಅದಕ್ಕಿಂತಲೂ ಒಳ್ಳೆಯದು ಕಾಲಿನ ಅಗಲದಷ್ಟು 5 ಮಿ.ಮೀ. ಉಕ್ಕಿನ ಪಟ್ಟಿಯ ತುಂಡು. ಅಚ್ಚು ಬಿದ್ದ ಜಾಗವನ್ನು ಉಳಿಯಿಂದ ಸಪಾಟು ಮಾಡಿ ಈ ತುಂಡನ್ನು ಕೂರಿಸಬೇಕು. ಬೇಸಿಗೆಯಲ್ಲಿ ಬಿಗಿದದ್ದನ್ನು ಕಾರಹುಣ್ಣಿವೆಯ ಹೊತ್ತಿಗೆ, ಮಳೆ ಹಿಡಿಯುವ ಮೊದಲು, ಕಾಲು ಸುತ್ತು ಸಡಿಲಿಸುವ ರೂಢಿ ಇಟ್ಟುಕೊಂಡವರ ಮೇಜಿನಲ್ಲಿ ಈ ದೋಷ ಬರುವುದು ಅಪರೂಪ.

ಎಂಟೂ ಕಾಗದದ ಚೂರುಗಳು ಗಟ್ಟಿಯಾಗಿ ಹಿಡಿದಿದ್ದೂ ಮೇಜು ವಾಲಿದರೆ ಜೋಡಣೆಯಲ್ಲಿ ತಪ್ಪಿಲ್ಲ, ರಚನೆಯೇ ದುರ್ಬಲ. ಉದ್ದಪಟ್ಟಿಯ ಎತ್ತರ 100 ಮಿ.ಮೀ.ಗಿಂತ ಕಡಿಮೆಯಿದ್ದರೆ ಅದನ್ನು ಬದಲಿಸುವುದೇ ಲೇಸು. ಅದು ಆಗದಿದ್ದರೆ ಹಿಂಬದಿಯ ಎರಡು ಕಾಲು ಮತ್ತು ಉದ್ದಪಟ್ಟಿಗೆ ಸೇರಿಸಿ 12 ಮಿ.ಮೀ. ಪ್ಲೈವುಡ್ ಹಾಳೆಯನ್ನು ಬೋಲ್ಟಿನಿಂದ ಹಚ್ಚಬಹುದು. ಹಾಳೆ ತನ್ನ ಸಮತಲದಲ್ಲಿ ವಾಲಲು ಬಿಡುವುದೇ ಇಲ್ಲ, ಮನೆ ಬದಲಿಸುವಾಗ ಚಪ್ಪಟೆಯಾಗಿ ಬಿಚ್ಚಿಬರುತ್ತದೆ. ಓರೆಪಟ್ಟಿಗಿಂತ ಇದನ್ನೇ ಮೆಚ್ಚಬೇಕು.

ಅಗಲಕ್ಕೆ ವಾಲುವ ಮೇಜು

ಬದಿಚೌಕಟ್ಟು ಅಂಟಿನಿಂದ ಕೂಡಿಸಿದ್ದಾದ್ದರಿಂದ ಅಗಲಕ್ಕೆ ವಾಲಿದರೆ ಅಂಟು ಬಿಟ್ಟಿದೆಯೆಂದೇ ತಿಳಿಯಬೇಕು. ಹಲಗೆ ತೆಗೆದು, ಚೌಕಟ್ಟಿನ ಎರಡು ಕರ್ಣಗಳನ್ನು ಅಳೆದು, ತಳ್ಳಿದಾಗ ಅಳತೆ ಬದಲಾಗುವುದೇ ನೋಡಿದರೆ ಸಂಶಯ ಉಳಿಯುವುದಿಲ್ಲ. ಬಿಟ್ಟ ಸಂದಿಗೆ ಮತ್ತೆ ಬಿಳಿ ಅಂಟು ಸುರಿಯುವುದು ವ್ಯರ್ಥ; ಗಟ್ಟಿಯಾದ ಹಳೆಯ ಅಂಟಿನ ಮೇಲೆ ಹೊಸದು ಹಿಡಿಯುವುದಿಲ್ಲ. ಜೋಡಣೆಯನ್ನು ಪೂರ್ತಿ ಕಳಚಿ, ಮರ ಕಾಣುವವರೆಗೆ ಕೆರೆದು, ಆಮೇಲೆ ಅಂಟಿಸಿ ಬಿಗಿಹಿಡಿಸಬೇಕು. ಸಂದಿನಿಂದ ಹಿಟ್ಟಿನಂಥ ನಯವಾದ ಪುಡಿ ಉದುರುತ್ತಿದ್ದರೆ ಮರಕ್ಕೆ ಹುಳು ಹಿಡಿದಿದೆ. ಮಾವು, ಸಿಲ್ವರ್ ಓಕ್ ಮರಗಳಲ್ಲಿ ಇದನ್ನು ತಪ್ಪದೆ ಪರೀಕ್ಷಿಸಬೇಕು.

ಸರಿಯುವ ಅಥವಾ ಬಿರಿಯುವ ಹಲಗೆ

ಹಲಗೆಯ ಹಿಡಿತದಲ್ಲಿ ಎರಡು ವಿರುದ್ಧ ದೋಷಗಳು ಉಂಟಾಗುತ್ತವೆ. ಸಡಿಲವಾಗಿದ್ದರೆ ರಂದಾ ಹೊಡೆದಾಗ ಟಕ್ ಎಂಬ ಸದ್ದು ಬರುತ್ತದೆ. ಅತಿ ಬಿಗಿಯಾಗಿದ್ದರೆ ಹಲಗೆ ಬಿರಿಯುತ್ತದೆ ಇಲ್ಲವೇ ಬದಿಚೌಕಟ್ಟನ್ನು ಮೂಲೆ ತಪ್ಪಿಸುತ್ತದೆ. ಮೇಲಿನ ಲೆಕ್ಕದ ಪ್ರಕಾರವೇ 600 ಮಿ.ಮೀ. ಅಗಲದ ಇಡಿಯ ಮರದ ಹಲಗೆ ತೇವಾಂಶ ಶೇಕಡಾ 4 ಅಂಶ ಬದಲಾದಾಗ 4ರಿಂದ 5 ಮಿ.ಮೀ. ಅಗಲ ಬದಲಿಸುತ್ತದೆ. ಅದನ್ನು ಮುಂದೆಯೂ ಹಿಂದೆಯೂ ದುಂಡು ತೂತಿನ ಬೋಲ್ಟಿನಿಂದ ಕಟ್ಟಿಹಾಕಿದರೆ ಮರ ಎಲ್ಲಿಯಾದರೂ ದಾರಿ ಮಾಡಿಕೊಳ್ಳಲೇಬೇಕು. ಬೇಸಿಗೆಯಲ್ಲಿ ಕಾಲುಗಳ ಮೇಲ್ತುದಿ ಒಳಕ್ಕೆ ಎಳೆದಂತೆ, ಮಳೆಗಾಲದಲ್ಲಿ ಹೊರಕ್ಕೆ ತಳ್ಳಿದಂತೆ ಕಂಡರೆ ಕಾರಣ ಇದೇ. ವೈಸ್ ಇರುವ ಮುಂಬದಿಯಲ್ಲಿ ದುಂಡು ತೂತನ್ನೇ ಇಟ್ಟುಕೊಂಡು, ಹಿಂಬದಿಯ ತೂತುಗಳನ್ನು ಹಲಗೆಯ ಅಗಲದ ದಿಕ್ಕಿನಲ್ಲಿ 20 ಮಿ.ಮೀ. ಉದ್ದಕ್ಕೆ ಸೀಳು ಮಾಡಿದರೆ ಹಲಗೆ ಹಿಂದಕ್ಕೆ ಮಾತ್ರ ಹಿಗ್ಗಿ ಕುಗ್ಗುತ್ತದೆ. ಪ್ಲೈವುಡ್ ಪದರಗಳನ್ನು ಅಂಟಿಸಿ ಮಾಡಿದ ಹಲಗೆಗೆ ಈ ಎಚ್ಚರಿಕೆ ಬೇಕಿಲ್ಲ.

ನುಣುಪಾದ ಟೈಲ್ಸಿನ ಮೇಲೆ ಇಡೀ ಮೇಜೇ ಜಾರುವುದು ದೋಷವಲ್ಲ. ಕಾಲಿನಡಿಗೆ ರಬ್ಬರ್ ತುಂಡು ಅಂಟಿಸಿ, ಉದ್ದಪಟ್ಟಿಗಳ ಮೇಲೆ ಒಂದು ಹಲಗೆ ಹಾಸಿ ಎರಡು ಮರಳಿನ ಚೀಲ ಇಟ್ಟರೆ ನಿಲ್ಲುತ್ತದೆ.

ಸಾಗಿಸಿದ ಮೇಲೆ ಕಾಣಿಸಿಕೊಳ್ಳುವ ದೋಷಗಳು

ಹಳೆಯ ಜಾಗದಲ್ಲಿ ಗಟ್ಟಿಯಾಗಿದ್ದ ಮೇಜು ಹೊಸ ಜಾಗದಲ್ಲಿ ಜೋಡಿಸಿದ ದಿನವೇ ವಾಲಿದರೆ, ಪಟ್ಟಿಗಳು ಅದಲುಬದಲಾಗಿವೆಯೇ ಎಂದು ಮೊದಲು ನೋಡಬೇಕು. ಕೈಯಿಂದ ಕತ್ತರಿಸಿದ ಪ್ರತಿ ಭುಜವೂ ತನ್ನದೇ ಕಾಲಿನ ಮೈಗೆ ಹೊಂದಿಕೊಂಡಿರುತ್ತದೆ, ಮುಂದಿನ ಪಟ್ಟಿ ಹಿಂದೆ ಹೋದರೆ ನಾಲ್ಕೂ ಜೋಡಣೆ ಕೆಡುತ್ತವೆ. ಪೆನ್ಸಿಲಿನ ಗುರುತು ಟೆಂಪೋದಲ್ಲಿ ಉಜ್ಜಿಹೋಗುವುದರಿಂದ, ಉಳಿಯ ಬಾಯಿಯಿಂದ ಕಾಲಿಗೂ ಪಟ್ಟಿಗೂ ಒಂದು, ಎರಡು, ಮೂರು, ನಾಲ್ಕು ಗೀರುಗಳ ಜೋಡಿ ಗುರುತು ಕೆತ್ತಿಡಬೇಕು. ಬಿಚ್ಚಿದ ಬೋಲ್ಟನ್ನು ವಾಶರ್ ಸಮೇತ ಅದರದೇ ತೂತಿಗೆ ಮರಳಿ ಹಾಕಿಟ್ಟರೆ ಬೋಲ್ಟುಗಳೂ ಬೆರೆಯುವುದಿಲ್ಲ.

ಜೋಡಿಸಿದ ದಿನ ಸರಿಯಿದ್ದು ಕೆಲವು ವಾರಗಳ ಮೇಲೆ ಸಡಿಲಾದರೆ ಮರದ ತೇವಾಂಶವನ್ನು ಪರೀಕ್ಷಿಸಬೇಕು. ಕಲಘಟಗಿ, ಹಳಿಯಾಳದಂಥ ಮಲೆನಾಡ ಸೆರಗಿನಲ್ಲಿ ಕಟ್ಟಿದ ಮೇಜನ್ನು ಗದಗಿನ ಒಣ ಹವೆಗೆ ತಂದಾಗ ಹೀಗಾಗುವುದು ಸಹಜ. ಅದೇ ಮರದ ಒಂದು ಸಣ್ಣ ತುಂಡನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಓವನ್ನಿನಲ್ಲಿ 100ರಿಂದ 105 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಮತ್ತೆ ತೂಗಬೇಕು. ಕಳೆದುಹೋದ ತೂಕವನ್ನು ಒಣ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ತೇವಾಂಶದ ಶೇಕಡಾವಾರು ಸಿಗುತ್ತದೆ: 58 ಗ್ರಾಂ ತುಂಡು 50 ಗ್ರಾಂಗೆ ಇಳಿದರೆ ಶೇ. 16. ಕಡು ಬೇಸಿಗೆಯ ಮನೆಯೊಳಗೆ ಇಷ್ಟು ತೇವಾಂಶ ಉಳಿಯುವುದಿಲ್ಲ, ಆ ಮರ ಇನ್ನೂ ಕುಗ್ಗಲಿದೆ. ಅಂಥ ಮೇಜಿನ ಭುಜಗಳನ್ನು ಆತುರದಿಂದ ಕತ್ತರಿಸದೆ, ವಾರಕ್ಕೊಮ್ಮೆ ಹಗುರವಾಗಿ ಬಿಗಿಯುತ್ತ, ಮರ ಹೊಸ ಹವೆಗೆ ಹೊಂದಿಕೊಂಡ ಮೇಲೆ ದುರಸ್ತಿಗೆ ತೊಡಗಬೇಕು.

ಕೊನೆಯದಾಗಿ ಬೋಲ್ಟಿನ ತೂತಿನಿಂದ ಕಾಲಿನ ಉದ್ದಕ್ಕೆ ಹೊರಟ ಕೂದಲೆಳೆಯಂಥ ಬಿರುಕನ್ನು ಹುಡುಕಬೇಕು. ಇದು ಬೇಸಿಗೆಯಲ್ಲಿ ಕಾಣಿಸಿ ಮಳೆಗಾಲದಲ್ಲಿ ಮುಚ್ಚಿಕೊಳ್ಳುತ್ತದೆ. 12 ಮಿ.ಮೀ. ಬೋಲ್ಟಿಗೆ 12 ಮಿ.ಮೀ. ತೂತನ್ನೇ ಕೊರೆದು ಸುತ್ತಿಗೆಯಿಂದ ಬಡಿದು ಕೂರಿಸಿದಾಗ ಈ ಬಿರುಕು ಹುಟ್ಟುತ್ತದೆ, ಆದ್ದರಿಂದ ತೂತು 13 ಮಿ.ಮೀ. ಇರಬೇಕು. ಬಿರುಕು ತೂತಿನ ಆಸುಪಾಸಿನಲ್ಲೇ ನಿಂತಿದ್ದರೆ ತೆಳುವಾದ ಅಂಟನ್ನು ಒಳಗೆ ಇಳಿಸಿ, ಕ್ಲ್ಯಾಂಪಿನಿಂದ ಒತ್ತಿ, ಒಣಗಿದ ಮೇಲೆ ತೂತನ್ನು 13 ಮಿ.ಮೀ.ಗೆ ಹಿಗ್ಗಿಸಿ, ಬೋಲ್ಟಿನ ತಲೆಯಡಿಗೆ ಉಕ್ಕಿನ ಪಟ್ಟಿ ಹಾಕಿ ಬಳಸಬಹುದು. ಬಿರುಕು ಗೂಡಿನವರೆಗೆ ಅಥವಾ ಕಾಲಿನ ತುದಿಯವರೆಗೆ ಹೋಗಿದ್ದರೆ ಆ ಕಾಲಿಗೆ ಭಾರ ಹೊರಿಸಬಾರದು. ಬದಿಚೌಕಟ್ಟನ್ನು ಕಳಚಿ ಹೊಸ ಕಾಲು ಹಾಕಬೇಕು, ಹೊಸ ಕಾಲಿನ ಗೂಡಿಗೆ ಹಳೆಯ ಪಟ್ಟಿಯ ಭುಜವನ್ನು ಕಾಗದದ ಚೂರಿನಿಂದ ಮತ್ತೊಮ್ಮೆ ಪರೀಕ್ಷಿಸಿ ಹೊಂದಿಸಿದ ಮೇಲೆಯೇ ಹಳೆಯ ಕಾಲಿನ ಗೀರುಗಳನ್ನು ಅದರ ಮೇಲೆ ಕೆತ್ತಬೇಕು.